ರುಕ್ಮಿಣಿ ಮೇಡಂ ತೆರೆದ ಚಿತ್ರಗಳು

ರುಕ್ಮಿಣಿ ಮೇಡಂ ಮೌಸ್ ಮುಟ್ಟುತ್ತಿರಲಿಲ್ಲ. ಬೀದರಿನ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವರ ಮೌಸ್ ಸದಾ ಡ್ರಾವರಿನೊಳಗೆ, ಅಡಿಕೆ ಡಬ್ಬಿಯ ಪಕ್ಕ ಮಲಗಿರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಕಾರಣ ಕೇಳಿದೆ.

"ಬಾಯಿ ಇದ್ದಾಗ ಕೈಸನ್ನಿ ಯಾಕ ಮಾಡ್ಬೇಕೋ ತಮ್ಮಾ? ಏನ್ ಬೇಕು ಬರ್ದು ಹೇಳು, ಮಾಡ್ತದ."

ಹಳೆಯ ಫ್ಲಾಪಿ, ಸಿಡಿಗಳಲ್ಲಿ ಉಳಿದು ಇಂದಿನ ಕಂಪ್ಯೂಟರಿಗೆ ಗುರುತೇ ಸಿಗದ ಚಿತ್ರಗಳನ್ನು, ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದು ಎಲ್ಲೆಡೆ ತೆರೆಯುವ ಜೆಪಿಜಿ ಮಾಡಿಕೊಡುವುದು ಅವರ ಹುಚ್ಚು. ಎಂಟರ್ ಒತ್ತಿದವರೇ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಎದುರಿಗೆ ಕೂತು ದಿಟ್ಟಿಸಿದರೆ ಕಂಪ್ಯೂಟರಿಗೆ ಗಾಬರಿಯಾಗುತ್ತದಂತೆ. ಅಂಥ ಫೈಲೇ ಇಲ್ಲವೆಂದು ಪರದೆ ಹೇಳಿತೋ, ಸೊಸೆ ಎದುರು ಮಾತಾಡಿದಷ್ಟು ಸಿಟ್ಟು. "ಅದ. ನೆಟ್ಟಗ ಹುಡ್ಕು" ಎಂದು ಗದರಿ, ಆಮೇಲೆ ತಮ್ಮದೇ ಸ್ಪೆಲ್ಲಿಂಗ್ ತಪ್ಪನ್ನು ಮೆಲ್ಲಗೆ ತಿದ್ದುತ್ತಿದ್ದರು. ನಾನು ನೋಡಲಿಲ್ಲವೆಂದೇ ಅವರ ನಂಬಿಕೆ.

ಒಮ್ಮೆ ಔರಾದ ಕಡೆಯಿಂದ ಕುರಿ ಸಾಕುವ ಮನೆಯ ಕಾಶಮ್ಮ ಬಂದಳು. ತಾಯಿ ತೀರಿಕೊಂಡಿದ್ದಳು, ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಹಿಂದೆಂದೋ ಕಂಬಳಿ ನೇಯುವವರ ಚಿತ್ರ ತೆಗೆದವರು ಕೊಟ್ಟುಹೋದ ಫ್ಲಾಪಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಭಾಲ್ಕಿಯ ಸ್ಟುಡಿಯೋದವರು ಇದು ತೆರೆಯುವುದಿಲ್ಲವೆಂದು ವಾಪಸು ಕಳಿಸಿದ್ದರು. ಮೇಡಂ ಮೊದಲು ಅದರ ನಕಲು ತೆಗೆದಿಟ್ಟು, ಒಂದರ ಹಿಂದೊಂದು ಆಜ್ಞೆ ಬರೆಯುತ್ತ ಊಟವನ್ನೇ ಮರೆತರು. ಮಧ್ಯಾಹ್ನ ಕಳೆದ ಮೇಲೆ ಚಿತ್ರವೇನೋ ತೆರೆಯಿತು. ಆದರೆ ಮುಖ ಹಸಿರು, ಕೂದಲು ನೇರಳೆ.

ಮೇಡಂ ಸಂಕೋಚದಿಂದ ಹೇಳಿದರು: "ಬಣ್ಣ ಆಮ್ಯಾಲ ಸರಿ ಮಾಡ್ತೀನ್ರಿ. ಮೊದ್ಲು ಅವ್ವ ಹೌದೇನು ನೋಡ್ರಿ."

ಕಾಶಮ್ಮ ಬಾಗಿ ಬಹಳ ಹೊತ್ತು ನೋಡಿದಳು. "ಹೌದ್ರಿ. ಬೈಲತ್ತಾಳ ನೋಡ್ರಿ."

ನಿಜ. ಕಂಬಳಿ ತುಳಿದ ಟಗರಿನತ್ತ ಮುದುಕಿ ಕೈಯೆತ್ತಿ ಬಾಯಿ ತೆರೆದಿದ್ದಳು. ಕಾಶಮ್ಮ ಸೆರಗು ಬಾಯಿಗಿಟ್ಟು ನಕ್ಕಳು, ನಗುತ್ತಲೇ ಅತ್ತಳು. ಬಣ್ಣ ಸರಿಯಾದ ಮೇಲೆ, ಟಗರನ್ನು ತೆಗೆದು ಮುಖವನ್ನಷ್ಟೇ ಇಡಲೇ ಎಂದು ಮೇಡಂ ಕೇಳಿದರು. ಬೇಡವೆಂದಳು. ಟಗರಿಲ್ಲದಿದ್ದರೆ ಅವ್ವ ಬೈಯುವುದು ಯಾರಿಗೆ?

ನಿವೃತ್ತಿಯಾದ ಮೇಲೆ ಮೇಡಂ ಭಾಲ್ಕಿಯಲ್ಲಿ ತಂಗಿಯ ಮನೆ ಸೇರಿದರು. ಕಾಯಿಲೆ ಬಿದ್ದಿದ್ದಾರೆಂದು ಕೇಳಿ ಲ್ಯಾಪ್‌ಟಾಪ್ ಹಿಡಿದು ಹೋದೆ. ಕಾಲೇಜಿನ ಹಳೆಯ ಫ್ಲಾಪಿ ಡಬ್ಬಿಯಲ್ಲಿ ಸಿಕ್ಕ ಫೈಲೊಂದನ್ನು ನನ್ನಿಂದ ತೆರೆಯಲಾಗಿರಲಿಲ್ಲ. ನೋಡಲು ಹೋಗುವುದಕ್ಕೆ ಅದೂ ಒಂದು ನೆಪ. ಮಲಗಿದಲ್ಲಿಂದಲೇ ಹೇಳಿಕೊಟ್ಟರು, ನಾನು ಬರೆದೆ. ಪೇಟ ಸುತ್ತಿದ ಯಾರೋ ಹಿರಿಯರು ಪರದೆಯ ಮೇಲೆ ಬಂದರು.

"ಯಾರಿವ್ರು?"

ಗೊತ್ತಿಲ್ಲವೆಂದೆ. ಅಳಿಸಿಬಿಡಲೇ ಎಂದೂ ಕೇಳಿದೆ.

"ಬ್ಯಾಡ, ಇಟ್ಟಿರು. ಯಾರರ ಹುಡುಕ್ಕೋತ ಬರ್ತಾರ."

ಅದೇ ತಿಂಗಳು ಮೇಡಂ ಹೋದರು. ಪೇಟದ ಹಿರಿಯರು ಈಗಲೂ ನನ್ನ ಕಂಪ್ಯೂಟರಿನಲ್ಲೇ ಇದ್ದಾರೆ. ಯಾರೂ ಬಂದಿಲ್ಲ.