ಒಳಗೇ ನಿಲ್ಲುವ ಗುಂಡು

ಫಿನ್‌ಲೆಂಡಿನ ನಕ್ಷೆಯಲ್ಲಿ ನಮ್ಮ ಊರನ್ನು ಹುಡುಕುವ ಶ್ರಮ ಬೇಡ, ಸಿಗುವುದಿಲ್ಲ. ಕಾಡು, ಜೌಗು, ಕೆರೆ, ಮತ್ತೆ ಕಾಡು. ಇಲ್ಲಿನ ಗಂಡಸರಿಗೆ ಮಾತು ಬರುವುದು ಎರಡೇ ವಿಷಯಕ್ಕೆ: ಕೆರೆಯ ನೀರು ಯಾವಾಗ ಹೆಪ್ಪುಗಟ್ಟುತ್ತದೆ, ಮೂಸ್ ಎಂಬ ದೈತ್ಯ ಜಿಂಕೆಯನ್ನು ಹೊಡೆಯಲು ಯಾವ ಗುಂಡು ಒಳ್ಳೆಯದು. ಹೆಂಡತಿ ಸತ್ತಾಗಲೂ ತುಟಿ ಎರಡು ಮಾಡದವರು ಗುಂಡಿನ ತೂಕದ ಮಾತು ಬಂದರೆ ಕಾಫಿ ಆರಿ ನೀರಾದರೂ ನಿಲ್ಲಿಸುವುದಿಲ್ಲ. ನಾನು ಹಿಲ್ಕಾ. ಊರಿನ ಶಿಕಾರಿ ತಂಡಕ್ಕೆ ವರ್ಷಾ ವರ್ಷ ಸೂಪು ಬೇಯಿಸಿ ಹಾಕುವವಳು. ಕೋವಿ ಮುಟ್ಟಿದವಳಲ್ಲ, ಆದರೆ ಈ ಗುಂಡಿನ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹಾಗಾಗಿ ಇಲ್ಮೊ ಕೆಂಪ್ಪಾಯ್ನೆನ್‌ನ ವಿಷಯ ನಾನೇ ಹೇಳುತ್ತೇನೆ. ತಂಡದವರು ಯಾರೂ ಹೇಳುವುದಿಲ್ಲ.

ಇಲ್ಮೊ ಚಳಿಗಾಲದಲ್ಲಿ ರಸ್ತೆಯ ಹಿಮ ಗೋರುವ ಗಾಡಿ ಓಡಿಸುತ್ತಿದ್ದವನು. ನಿವೃತ್ತನಾದ ಮೇಲೆ ಜೌಗಿನಾಚೆ, ರಸ್ತೆ ಮುಗಿಯುವಲ್ಲಿರುವ ಮನೆಯಲ್ಲಿ ಇದ್ದ. ಹೆಂಡತಿ ಐಲಿ ತೀರಿಕೊಂಡ ಮೇಲೆ ಅವನ ಜೊತೆಗೆ ಉಳಿದದ್ದು ರೂಸಾ, ಬೂದು ಬಣ್ಣದ, ಬಾಲ ಸುರುಳಿ ಸುತ್ತಿದ ಹೆಣ್ಣುನಾಯಿ. ಅಂಗಡಿಗೆ ಬಂದರೆ ಅವನು 'ಹಾಲು' ಎನ್ನುತ್ತಿದ್ದ, 'ರೈ ರೊಟ್ಟಿ' ಎನ್ನುತ್ತಿದ್ದ, ಅಲ್ಲಿಗೆ ಅವನ ಆ ವಾರದ ಮಾತು ಮುಗಿಯುತ್ತಿತ್ತು. ಉಳಿದದ್ದೆಲ್ಲ ರೂಸಾಳ ಜೊತೆ.

ಆದರೆ ಆಗಸ್ಟ್ ಬಂತೆಂದರೆ ಅವನ ಅಡುಗೆಮನೆ ಬೇರೆಯೇ ಆಗುತ್ತಿತ್ತು. ಮೇಜಿನ ತುದಿಗೆ ತೋಟಾ ಒತ್ತುವ ಯಂತ್ರವನ್ನು ಬಿಗಿಯುತ್ತಿದ್ದ, ಮದ್ದು ತೂಗುವ ಚಿಕ್ಕ ತಕ್ಕಡಿ ಇಡುತ್ತಿದ್ದ, ಪಕ್ಕದಲ್ಲಿ ಏಲಕ್ಕಿ ಬನ್ನು ಜೋಡಿಸುತ್ತಿದ್ದ. ತಂಡದವರು ಒಬ್ಬೊಬ್ಬರಾಗಿ ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಜೇಬಿನಲ್ಲಿ ಗಲಗಲ ಅನ್ನಿಸುತ್ತ ಬರುತ್ತಿದ್ದರು. ಕೇಪು ಕೂರಿಸಿ ಮದ್ದು ತುಂಬಿಕೊಳ್ಳುವವರು ಅವರೇ. ಯಾರಿಗೆ ಯಾವ ಗುಂಡು ಎಂದು ಆರಿಸಿಕೊಡುವವನು ಮಾತ್ರ ಇಲ್ಮೊ. ಒಮ್ಮೆ ನಾನೂ ಅಲ್ಲಿ ಕೂತಿದ್ದೆ. ಮರ ಕೊಯ್ಯುವ ಮಿಲ್ಲಿನ ಯೌಕೊ ಬಂದಿದ್ದ.

"ಈ ಸಲ ನಿನ್ನ ಬಿಲ್ಲು ಎಲ್ಲಿ?" ಎಂದು ಇಲ್ಮೊ ಕೇಳಿದ. ಮೂಸ್ ಹಾಯುವ ದಾರಿ ಕಾದು ನಿಲ್ಲುವ ಜಾಗವೇ ಬಿಲ್ಲು.

"ಜೌಗಿನ ಅಂಚಲ್ಲಿ. ಬಯಲು. ಕಣ್ಣಿಗೆ ಬೇಕಾದಷ್ಟು ದೂರ ಕಾಣತ್ತೆ."

"ಕಾಣತ್ತೆ ಅಂತ ಹೊಡೀಬೇಡ. ಹತ್ರ ಬರೋವರ್ಗೂ ತಡಕೋ. ನಿನ್ನ ಕೈ ನಡುಗತ್ತೆ."

"ನನ್ನ ಕೈ ಮೇಲೆ ನನ್ನ ಹೆಂಡ್ತೀನೂ ಇಷ್ಟು ದೂರು ಹೇಳಿಲ್ಲ ಕಣೋ."

"ಅವಳ ಮುಂದೆ ಮೂಸ್ ನಿಂತಿರಲ್ಲ."

ಯೌಕೊ ಬನ್ನು ಗಂಟಲಿಗೆ ಸಿಕ್ಕಿ ಕೆಮ್ಮಿದ. ಇಲ್ಮೊ ನಕ್ಕ. ಮೇಜಿನ ಕೆಳಗೆ ರೂಸಾ ಬಾಲ ಬಡಿದಳು. ವರ್ಷದ ಉಳಿದ ದಿನಗಳಲ್ಲಿ ನಾವು ಕಾಣದ ಮನುಷ್ಯ ಆಗಸ್ಟಿನಲ್ಲಿ ಅಲ್ಲಿ ಕೂತಿರುತ್ತಿದ್ದ.

ಅವನು ಆರಿಸುತ್ತಿದ್ದದ್ದು ಹೆಚ್ಚಾಗಿ ಒಂದೇ ಬಗೆಯ ಗುಂಡು: ಭಾರವಾದದ್ದು, ಮೂತಿಯಲ್ಲಿ ಮೆತ್ತನೆ ಸೀಸ ಇರುವುದು. ಮದ್ದನ್ನೂ ಸ್ವಲ್ಪ ಕಮ್ಮಿಯೇ ಹಾಕಿಸುತ್ತಿದ್ದ. ಅಂಥ ಗುಂಡು ಮೂಸ್‌ನ ಎದೆ ಹೊಕ್ಕರೆ ಅಣಬೆಯಂತೆ ಅರಳುತ್ತದೆ, ತನ್ನ ಬಲವನ್ನೆಲ್ಲ ಒಳಗೇ ಸುರಿಯುತ್ತದೆ, ಆಚೆ ಪಕ್ಕದ ಚರ್ಮದಡಿ ಬಂದು ನಿಲ್ಲುತ್ತದೆ. ಹೊರಗೆ ಬರುವುದಿಲ್ಲ. ಅವನಿಗೆ ಬೇಕಾದದ್ದು ಅದೇ. ಏಕೆಂದರೆ ನಮ್ಮಲ್ಲಿ ಶಿಕಾರಿ ಮಾಡುವುದು ನಾಯಿ. ಅದು ಒಂಟಿಯಾಗಿ ಕಾಡು ಹೊಕ್ಕು, ಕುದುರೆಗಿಂತ ಎತ್ತರದ ಪ್ರಾಣಿಯನ್ನು ಬೊಗಳಿ ಬೊಗಳಿ ತಡೆದು ನಿಲ್ಲಿಸುತ್ತದೆ. ಒಮ್ಮೆ ಮುಂದೆ, ಒಮ್ಮೆ ಪಕ್ಕ, ಒಮ್ಮೆ ಆಚೆ, ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿಗೆದುರಾಗಿ ಮೆಲ್ಲಗೆ ಹೋಗಿ ಈಡು ಹಾಕುವವನಿಗೆ ಪೊದೆಯಾಚೆಯ ನಾಯಿ ಎಷ್ಟೋ ಸಲ ಕಾಣುವುದೇ ಇಲ್ಲ.

ಎಡವಟ್ಟಾದದ್ದು ಯೌಕೊನಿಂದ. ಆ ವರ್ಷ ಅವನು ಬಯಲಿನಲ್ಲಿ, ಹೊಡೆಯಬಾರದಷ್ಟು ದೂರದಿಂದ ಹೊಡೆದ. ಗುಂಡು ಒಳಗೆ ಉಳಿಯಿತು, ರಕ್ತ ಹೊರಗೆ ಸುರಿಯಲಿಲ್ಲ, ಗುರುತು ಸಿಗಲಿಲ್ಲ. ತಂಡವೆಲ್ಲ ಜೌಗು ಜಾಲಾಡಿ ಕೊನೆಗೆ ಮೂಸ್ ಸಿಕ್ಕಾಗ ಮಾಂಸ ಕೆಟ್ಟು ಹೋಗಿತ್ತು. ಆ ಪ್ರಾಣಿ ಎಷ್ಟು ಹೊತ್ತು ಒದ್ದಾಡಿತೋ ಎಂದು ಎಲ್ಲರ ಮುಖವೂ ಇಳಿದಿತ್ತು. ಮುಂದಿನ ಬೇಸಗೆಯ ಸಭೆಯಲ್ಲಿ ತಂಡದ ಮುಖಂಡ ರೇಯೊ ಎದ್ದು ನಿಂತ.

"ನೋಡಿ, ಒಂದು ತೂತಿಗಿಂತ ಎರಡು ತೂತಲ್ಲಿ ಹೆಚ್ಚು ರಕ್ತ ಬರತ್ತೆ. ಪೇಟೇಲಿ ತಾಮ್ರದ ಗುಂಡು ಸಿಗತ್ತೆ, ಪೆಟ್ಟಿಗೇಲಿ ರೆಡಿ. ಈ ಕಡೆ ಹೊಕ್ಕು ಆ ಕಡೆ ಹೋಗತ್ತೆ. ಮಾಂಸದಲ್ಲಿ ಸೀಸದ ಪುಡೀನೂ ಇರಲ್ಲ. ಎಲ್ಲರೂ ಅದನ್ನೇ ತಗೊಳ್ಳೋಣ."

ರೇಯೊ ಕೆಟ್ಟವನಲ್ಲ, ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಯೌಕೊ ನೆಲ ನೋಡುತ್ತ ಒಪ್ಪಿಗೆಗೆ ಕೈ ಎತ್ತಿದ. 'ದೂರ ಹೊಡೆದದ್ದು ನಾನು, ಗುಂಡಿನದೇನು ತಪ್ಪು' ಎನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಇಲ್ಮೊ ಇಷ್ಟು ಮಾತ್ರ ಕೇಳಿದ:

"ನಾಯಿ ಆಚೆ ಇದ್ರೆ?"

"ನೋಡ್ಕೊಂಡು ಹೊಡೀಬೇಕು ಮಾರಾಯ, ಕಣ್ಣು ಇರೋದು ಯಾಕೆ?" ಎಂದ ರೇಯೊ. ಎಲ್ಲರೂ ನಕ್ಕರು.

ಆ ಆಗಸ್ಟಿನಲ್ಲಿ ನಾನು ಅಣಬೆ ಹೆಕ್ಕಿಕೊಂಡು ಬರುತ್ತ ಅವನ ಮನೆಗೆ ಹೊಕ್ಕೆ. ಯಂತ್ರ ಬಿಗಿದಿತ್ತು. ತಕ್ಕಡಿ ಒರೆಸಿಟ್ಟಿತ್ತು. ಬನ್ನಿನ ತಟ್ಟೆಯ ಮೇಲೆ ಬಟ್ಟೆ ಮುಚ್ಚಿತ್ತು. ತೆಗೆದು ನೋಡಿದರೆ ಒಂದನ್ನೂ ಯಾರೂ ಮುಟ್ಟಿರಲಿಲ್ಲ, ಕಲ್ಲಾಗಿದ್ದವು.

"ಯಾರೂ ಬರ್ಲಿಲ್ವಾ?"

"ಕೆಲಸ ಇರತ್ತೆ ಅವ್ರಿಗೆ," ಎಂದ. ಆಮೇಲೆ, "ರೂಸಾ ಮಾತ್ರ ಬಾಗಿಲ ಕಡೇನೇ ನೋಡ್ತಿರ್ತಾಳೆ. ಪಾಪ, ಅವಳಿಗೇನು ಗೊತ್ತು," ಎಂದ.

ಬಾಗಿಲು ನೋಡುತ್ತಿದ್ದುದು ನಾಯಿಯೊಂದೇ ಅಲ್ಲ ಎನ್ನುವುದು ನನಗೂ ತಿಳಿಯಿತು. ಆ ಕಲ್ಲು ಬನ್ನನ್ನು ಕಾಫಿಯಲ್ಲಿ ಅದ್ದಿ ಅದ್ದಿ ತಿಂದೆ. ಮನೆಗೆ ಬಂದು ಯೌಕೊನ ಹೆಂಡತಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳಿಗೇಕೆ ಬೈದೆನೋ, ಅವಳ ತಪ್ಪೇನಿರಲಿಲ್ಲ.

ಶಿಕಾರಿ ಶುರುವಾಗುವ ಮುನ್ನಾದಿನ ತಂಡವೆಲ್ಲ ಕಾಡಿನಲ್ಲಿರುವ ತಮ್ಮ ಶಿಕಾರಿ ಕೊಟ್ಟಿಗೆಯಲ್ಲಿ ಸೇರಿ ಬೆಂಕಿಯ ಮೇಲೆ ಸಾಸೇಜು ಸುಡುತ್ತಿದ್ದಾಗ ಇಲ್ಮೊ ಬಂದ. ಜೇಬಿನಿಂದ ಹೊಸ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಪೇಟೆಯದು, ತಾಮ್ರದ್ದು.

"ನಾನೂ ತಂದೆ," ಎಂದ.

"ಅರೆ ಮುದುಕ! ಕೊನೆಗೂ ದಾರಿಗೆ ಬಂದೆಯಲ್ಲ!" ರೇಯೊ ಅವನ ಬೆನ್ನಿಗೆ ಗುದ್ದಿದ. ಯೌಕೊ ಓಡಿ ಬಂದು ಪಕ್ಕದಲ್ಲಿ ಕೂತ. ಗುರಿ ಎಷ್ಟು ಮೇಲೆ ಹೋಗುತ್ತದೆ, ಕೋವಿ ಎಷ್ಟು ಒದೆಯುತ್ತದೆ, ಎಲ್ಲರೂ ಒಟ್ಟಿಗೇ ಬಾಯಿ ಹಾಕಿದರು. ಇಲ್ಮೊನ ಕೆನ್ನೆ ಕೆಂಪಾಗಿತ್ತು. ಗುರಿಮೈದಾನಕ್ಕೆ ಹೋಗಿ ಹೊಡೆದು ನೋಡಿ ಗುರಿ ಸರಿಮಾಡಿಕೊಂಡೂ ಬಂದಿದ್ದನಂತೆ. ಆ ಗುಂಡು ಒಳ್ಳೆಯದೆಂದು ಅವನು ತಂದದ್ದಲ್ಲ. ಆ ಮೇಜಿನಲ್ಲಿ ಕೂರಲು ಬೇರೆ ದಾರಿ ಅವನಿಗೆ ಉಳಿದಿರಲಿಲ್ಲ. ನನಗೆ ಅದು ಕಾಣುತ್ತಿತ್ತು. ಆದರೆ ಅವನು ನಗುತ್ತಿದ್ದನಲ್ಲ, ಏನು ಹೇಳಲಿ?

ಮರುದಿನ ಬೆಳಗ್ಗೆ ರೂಸಾ ಕಾಡು ಹೊಕ್ಕಳು. ಆಮೇಲೆ ಏನಾಯಿತೆಂದು ಇಲ್ಮೊ ನನಗೊಬ್ಬಳಿಗೇ, ಒಂದೇ ಸಲ ಹೇಳಿದ.

ಎಳೆ ಸ್ಪ್ರೂಸ್ ಮರಗಳ ನಡುವೆ ಗಂಡು ಮೂಸ್ ಅಡ್ಡಲಾಗಿ ನಿಂತಿತ್ತು. ರೂಸಾ ಅದರ ತಲೆಯ ಕಡೆ ಬೊಗಳುತ್ತಿದ್ದಳು. ಇಲ್ಮೊ ಕಾದ. ಬೊಗಳು ಆಚೆಗೆ ಸರಿಯಿತು, ಮತ್ತೆ ಈಚೆಗೆ ಬಂತು, ಮತ್ತೆ ಸರಿಯಿತು. ಜೀವಮಾನವೆಲ್ಲ ಅವನು ಅಂಥ ಹೊತ್ತಿನಲ್ಲಿ ಹೊಡೆದಿದ್ದಾನೆ. ಎದೆ ಸಿಕ್ಕರೆ ಸಾಕು, ಗುಂಡು ಒಳಗೇ ನಿಲ್ಲುತ್ತದೆ ಎಂದು ಅವನ ಬೆರಳಿಗೆ ಗೊತ್ತು. ಎದೆ ಸಿಕ್ಕಿತು, ಬೆರಳು ಎಳೆಯಿತು. ಕೋವಿಯೊಳಗೆ ಇರುವುದು ಬೇರೆ ಗುಂಡು ಎನ್ನುವುದು ಬೆರಳಿಗೆ ಗೊತ್ತಿರಲಿಲ್ಲ.

"ಮೂಸ್ ಬಿದ್ದ ಸದ್ದು ಕೇಳ್ತು ಹಿಲ್ಕಾ," ಎಂದ. "ಆಮೇಲೆ ಏನೂ ಕೇಳ್ಲಿಲ್ಲ. ಮೂಸ್ ಬಿದ್ಮೇಲೆ ಅವಳು ಇನ್ನೂ ಜೋರಾಗಿ ಬೊಗಳ್ತಾಳೆ ಯಾವಾಗ್ಲೂ."

ಅವನು ಕೊಟ್ಟಿಗೆಗೆ ನಡೆದುಕೊಂಡೇ ಬಂದ. ಕಿತ್ತಳೆ ಬಣ್ಣದ ಕೋಟು ಬಿಚ್ಚಿ ಅದರಲ್ಲಿ ರೂಸಾಳನ್ನು ಸುತ್ತಿ ಎತ್ತಿಕೊಂಡಿದ್ದ. ನಾನು ಸೂಪಿನ ಸೌಟು ಹಿಡಿದು ಹಾಗೇ ನಿಂತೆ. ರೇಯೊ ಟೋಪಿ ತೆಗೆದ.

"ಇಲ್ಮೊ..."

"ಒಳ್ಳೇ ಗುಂಡು," ಎಂದ ಇಲ್ಮೊ. "ನೀನು ಹೇಳಿದ ಹಾಗೇ. ಎರಡು ತೂತು. ನಿಂತಲ್ಲೇ ಬಿತ್ತು."

ವ್ಯಂಗ್ಯವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ರೇಯೊಗೆ ಎಷ್ಟೋ ಹಗುರವಾಗುತ್ತಿತ್ತು. ರೇಯೊ ಹೊರಗೆ ಹೋಗಿ ಸೌದೆ ಒಡೆಯುವ ನೆಪದಲ್ಲಿ ಅತ್ತ. ನಾನು ನೋಡಿದೆ, ನೋಡದವಳಂತೆ ಸೂಪು ತಿರುವಿದೆ. ನಾನೂ ಅಳುತ್ತಿದ್ದೆ.

ಇಲ್ಮೊ ಆ ಶರತ್ಕಾಲ ಮತ್ತೆ ಕಾಡಿಗೆ ಬರಲಿಲ್ಲ. ಅಂಗಡಿಯಲ್ಲಿ ಹಾಲು, ರೈ ರೊಟ್ಟಿ. ಮನೆಯಲ್ಲಿ ಅಷ್ಟೂ ಇಲ್ಲ. ನನ್ನ ತಂಗಿಯ ಮನೆಯಲ್ಲಿ ಬೂದು ನಾಯಿ ಮರಿ ಹಾಕಿತ್ತು. ಒಂದನ್ನು ತರಲೇ ಎಂದು ಕೇಳಿದೆ.

"ಬೇಡ. ನನ್ನ ವಯಸ್ಸಿಗೆ ಮರಿ ತಂದ್ರೆ, ನಾನು ಹೋದ್ಮೇಲೆ ಅದು ಬಾಗಿಲು ನೋಡ್ತಾ ಕೂರತ್ತೆ," ಎಂದ.

ಮುಂದಿನ ಆಗಸ್ಟಿನಲ್ಲಿ ರೇಯೊ ಮೊದಲು ಹೋದ. ಬಾಗಿಲಲ್ಲಿ ನಿಂತು, ಖಾಲಿ ಚಿಪ್ಪುಗಳನ್ನು ಅಂಗೈಯಲ್ಲಿ ಹಿಡಿದು, "ನಮ್ಮ ಹೊಸ ನಾಯಿ ತುಂಬಾ ಹತ್ರ ಸುತ್ತತ್ತೆ ಇಲ್ಮೊ. ಒಳಗೇ ನಿಲ್ಲೋದು ಬೇಕಿತ್ತು," ಎಂದನಂತೆ. ಆಮೇಲೆ ಯೌಕೊ. ಆಮೇಲೆ ಎಲ್ಲರೂ. ನಾನು ಬನ್ನು ಮಾಡಿಕೊಂಡು ಹೋದಾಗ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಲ್ಮೊ ಯಂತ್ರ ಬಿಗಿದಿದ್ದ. ಯಾರ ಬಿಲ್ಲು ಎಲ್ಲಿ, ಯಾರ ನಾಯಿ ಎಂಥದು ಎಂದು ಒಬ್ಬೊಬ್ಬರನ್ನೂ ವಿಚಾರಿಸಿ, ಒಂದೊಂದೇ ಗುಂಡು ಎತ್ತಿ ಬೆಳಕಿಗೆ ಹಿಡಿದು ಕೊಡುತ್ತಿದ್ದ. ಬನ್ನು ಖಾಲಿಯಾಯಿತು. ಯೌಕೊ ದೂರದ ಈಡು ತನ್ನದೇ ತಪ್ಪೆಂದು ಎಲ್ಲರೆದುರು ಹೇಳಿದ. ಇಲ್ಮೊ ತಲೆಯಾಡಿಸಿ ಅವನಿಗೆ ಇನ್ನಷ್ಟು ಕಾಫಿ ಸುರಿದ. ಬೇಕಾದದ್ದೆಲ್ಲ ಮರಳಿ ಬಂದ ಮನೆಯಂತೆ ಕಾಣುತ್ತಿತ್ತು, ಮೇಜಿನ ಕೆಳಗೆ ನೋಡದಿದ್ದರೆ.

ಎದ್ದು ಹೊರಡುವಾಗ ರೇಯೊ ಅಂಜುತ್ತ ಕೇಳಿದ:

"ಈ ಸಲ ನೀನೂ ಬಾ ಇಲ್ಮೊ. ಬಿಲ್ಲಿಗೆ ನಿಂತ್ಕೋ ಸಾಕು. ನಿನಗೆ ಯಾವ ಗುಂಡು ಇಟ್ಕೊಂಡಿದೀಯ?"

ಇಲ್ಮೊ ತಕ್ಕಡಿಯ ಮೇಲಿನ ಮದ್ದಿನ ಪುಡಿಯನ್ನು ಬೆರಳಿಂದ ಒರೆಸಿದ.

"ನನಗೆ ಯಾವ್ದಾದ್ರೂ ನಡೆಯತ್ತೆ," ಎಂದ. "ನನಗೆ ಆ ಕಡೆ ಯಾರೂ ಇಲ್ವಲ್ಲ."