ಒಳಗೆ ಬೇಯದ ಹಿಡಿಕೆ

ಬೇರೆಯವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಕುಕ್ಕರಿನ ಹಿಡಿಕೆಯನ್ನು. ಹುಚ್ಚಿ ಅಂದರೂ ಬೇಸರವಿಲ್ಲ. ಅದು ಮುರಿದೀತೆಂಬ ಹೆದರಿಕೆ ನನಗೆ ಸುಮ್ಮನೆ ಅಂಟಿದ್ದಲ್ಲ.

ನನ್ನ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಹತ್ತಿರದ ಸಣ್ಣ ಘಟಕವೊಂದರಲ್ಲಿ ಕುಕ್ಕರಿನ ಕಪ್ಪು ಹಿಡಿಕೆ ಮಾಡುತ್ತಾರೆ. ಅವನ್ನು ಪರೀಕ್ಷೆ ಮಾಡುವವಳು ನಾನು. ರಾಳದ ಪುಡಿಯನ್ನು ಕಾದ ಅಚ್ಚಿಗೆ ಹಾಕಿ ಒತ್ತಿದರೆ ಅದು ಮೊದಲು ಕರಗಿ ಹರಿಯುತ್ತದೆ, ಆಮೇಲೆ ಅದರ ಅಣುಗಳು ಒಂದಕ್ಕೊಂದು ಗಂಟು ಹಾಕಿಕೊಂಡು ಅದು ಗಟ್ಟಿಯಾಗುತ್ತದೆ. ಪೂರ್ತಿ ಗಂಟು ಬಿದ್ದ ಮೇಲೆ ಅಡುಗೆ ಒಲೆಯ ಬಿಸಿಗೆ ಅದು ಜಗ್ಗುವುದಿಲ್ಲ. ಆದರೆ ಗಂಟು ಬೀಳುವ ವೇಗ ಬಿಸಿಯ ಕೈಯಲ್ಲಿದೆ. ಅಚ್ಚು ಹತ್ತು ಡಿಗ್ರಿ ತಣ್ಣಗಿದ್ದರೆ ಬೇಯಲು ಹೆಚ್ಚುಕಮ್ಮಿ ಎರಡರಷ್ಟು ಹೊತ್ತು ಬೇಕು. ಯಂತ್ರದ ಗಡಿಯಾರಕ್ಕೆ ಇದೆಲ್ಲ ಎಲ್ಲಿ ಗೊತ್ತು? ಅದು ಎಂದಿನ ಹೊತ್ತಿಗೇ ಅಚ್ಚು ತೆರೆಸುತ್ತದೆ. ಆಗ ಹಿಡಿಕೆ ಮೇಲೆ ಮಿರಿಮಿರಿ ಮಿಂಚುತ್ತದೆ, ಒಳಗೆ ಹಸಿ, ಭಾರ ತಾಳದು.

ದಸರೆಯಿಂದ ನಿಂತೇ ಇದ್ದ ಒಂದು ಅಚ್ಚನ್ನು ಚಳಿಗಾಲದಲ್ಲಿ ಮತ್ತೆ ಶುರು ಮಾಡಿದರು. ಅದರ ಹಿಡಿಕೆಗಳನ್ನು ನೀರಲ್ಲಿ ಕುದಿಸಿದೆ. ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದವು. ಬೆಂದಿಲ್ಲ ಅಂತ ಅರ್ಥ. ಬಿಚ್ಚಿ ನೋಡಿದರೆ ಕೆಳಭಾಗದ ಹೀಟರ್ ಸತ್ತು ಎಷ್ಟೋ ಕಾಲವಾಗಿತ್ತು. ಬಿಸಿ ಅಳೆಯುವ ತಂತಿ ಮಾತ್ರ ಸರಿಯಿದ್ದ ಹೀಟರಿನ ಪಕ್ಕ ಕೂತು ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಿತ್ತು. ದಸರೆಗೆ ಅದೇ ಅಚ್ಚಿನ ಹಿಡಿಕೆಗಳು ಗೀರು ಬಿದ್ದವೆಂದು ಮಾರಾಟಕ್ಕೆ ಹೋಗದೆ, ಪರೀಕ್ಷೆಯೂ ಆಗದೆ, ಕೆಲಸದವರಿಗೇ ಹಂಚಿಹೋಗಿದ್ದವು. ಉಳಿದವರೆಲ್ಲ ಮನೆಗೆ ಫೋನು ಹಚ್ಚಿದರು. ನನ್ನ ಎರಡು ಹಿಡಿಕೆ ಮುಂಡಗೋಡದಾಚೆಯ ಪಾಳಾ ಊರಿನ ಅಕ್ಕನ ಮನೆಯಲ್ಲಿದ್ದವು. ಅವಳ ಫೋನು ಎಂದಿನಂತೆ ಆಫ್.

ಆಗಲೇ ಬಸ್ ಹತ್ತಿದೆ. ಹಳಿಯಾಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಕಣ್ಣು ಮುಚ್ಚಿದರೆ ಕುದಿಯುವ ಬೇಳೆ, ಅಕ್ಕನ ಕಾಲು. ಡ್ರೈವರನಿಗೆ ಒಳಗೊಳಗೇ ಬೈದೆ, ಕಬ್ಬಿಗೂ ಬೈದೆ. ಮುಂಡಗೋಡದಲ್ಲಿ ಬಸ್ ಬದಲಿಸುವಾಗ ಮತ್ತೆ ಫೋನು ಮಾಡಿದೆ. ಆಫ್.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು, ಮೈಯೆಲ್ಲ ಸರಿಯಾಗಿಯೇ ಇತ್ತು. ನೇರ ಅಡುಗೆಮನೆಗೆ ನುಗ್ಗಿ, ಕುಕ್ಕರಿನ ಹಿಡಿಕೆ ಬಿಚ್ಚಿ, ಒರಳಿನ ಮೇಲಿಟ್ಟು ಕುಟ್ಟಾಣಿಯಿಂದ ಹೊಡೆದೆ. ಎರಡೇ ಏಟಿಗೆ ಸೀಳಿತು. ಒಳಗೆಲ್ಲ ಗುಳ್ಳೆ, ಫಿನಾಯಿಲಿನಂಥ ಘಾಟು.

"ದಿನಾ ಇದನ್ನ ಹಿಡದ ಎತ್ತೇನಲ್ಲ" ಅಂದಳು ಅಕ್ಕ, ಸೀಳಿದ ಚೂರನ್ನು ಎತ್ತಿ ನೋಡುತ್ತ.

ಇನ್ನೊಂದು ಎಲ್ಲಿ ಎಂದು ಕೇಳಿದೆ.

"ಅಂಗನವಾಡಿ ಕುಕ್ಕರಿಗೆ ಕೊಟ್ಟೇನಿ. ನನ್ನ ತಂಗಿ ಕೈಯಾಂದು, ಗಟ್ಟಿ ಐತಿ ಅಂತ ಹೇಳಿ ಕೊಟ್ಟೇನಿ."

ಮಕ್ಕಳಿಗೆ ಊಟ ಬಡಿಸುವ ಹೊತ್ತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಅಂಗನವಾಡಿಯಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಅಡುಗೆಯಾಕೆ, ಅಕ್ಕನ ಓಣಿಯ, ನನ್ನ ಪರಿಚಯವಿದ್ದ ಸಿದ್ದಿ ಸಮುದಾಯದ ಹೆಂಗಸು, ಸಾರಿನ ಕುಕ್ಕರನ್ನು ಎತ್ತಿಕೊಂಡು ಆಗಲೇ ಅವರ ನಡುವೆ ಬಂದಿದ್ದಳು. ಕೂಗಿದರೆ ಬೆಚ್ಚಿಬಿದ್ದಾಳು ಎಂಬ ಭಯ. ದನಿ ತಗ್ಗಿಸಿ ಹೇಳಿದೆ: "ಹಂಗ ನಿಂದರ್ರಿ. ಅಲ್ಲಾಡಬ್ಯಾಡ್ರಿ."

ಅವಳು ನಿಂತಳು. ಹೋಗಿ ಕುಕ್ಕರಿನ ತಳಕ್ಕೆ ಎರಡೂ ಕೈ ಕೊಟ್ಟೆ. ಬಟ್ಟೆ ಹಿಡಿಯಬೇಕೆಂಬುದು ನೆನಪಿಗೇ ಬರಲಿಲ್ಲ. ಇಬ್ಬರೂ ಸೇರಿ ಅದನ್ನು ಗೋಡೆ ಪಕ್ಕಕ್ಕೆ ಒಯ್ದು ಇಳಿಸಿದೆವು.

ಹಿಡಿಕೆ ಮುರಿಯಲಿಲ್ಲ. ಒಳಗೆ ಹಸಿ ಎಂದು ಗೊತ್ತಿಲ್ಲದ ಅವಳು, ನಾನು ಹಿಡಿಕೆಯನ್ನೇ ದಿಟ್ಟಿಸುವುದನ್ನು ಕಂಡು, ನನ್ನ ಸುಟ್ಟ ಅಂಗೈಗೆ ತಣ್ಣೀರು ಸುರಿಯುತ್ತ, ಸಮಾಧಾನ ಮಾಡುವಂತೆ ಅಂದಳು: "ಇಷ್ಟ್ಯಾಕ ಹೆದರಿದಿರಿ? ನೀವು ಮಾಡಿದ ಹಿಡಿಕಿ ಭಾಳ ಗಟ್ಟಿ ಐತ್ರಿ."