ಬಿಸಿಲಿಗೆ ಕುಗ್ಗದ ಕಣ್ಣು

ಕಮಲಾಪುರದ ನಡುಮಧ್ಯಾಹ್ನದ ಬಿಸಿಲಲ್ಲಿ ಆಕೆಯ ಬಲಗಣ್ಣಿನ ಪಾಪೆ ಸಾಸಿವೆಕಾಳಷ್ಟಾಗಿತ್ತು. ಎಡಗಣ್ಣಿನದು ಮಾತ್ರ ಬಾವಿಯ ಬಾಯಿಯಂತೆ ಕಪ್ಪಗೆ ತೆರೆದೇ ಇತ್ತು.

ನಗರದ ಗಾಜಿಪುರ ಬಡಾವಣೆಯಲ್ಲಿ ಆಕೆ ನಮ್ಮ ಎದುರುಮನೆಯವಳು. ಪ್ರಯೋಗಾಲಯವೊಂದರಲ್ಲಿ ಗಿನಿಪಿಗ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ಮಕ್ಕಳ ಸಮೀಪದೃಷ್ಟಿ ಏರದಂತೆ ತಡೆಯುವ ಹನಿಗಳನ್ನು ಮೊದಲು ಆ ಪ್ರಾಣಿಗಳ ಕಣ್ಣಿಗೆ ಹಾಕಿ ಪರೀಕ್ಷಿಸುತ್ತಿದ್ದರು. ಆಕೆ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಒಮ್ಮೆ ಅಲ್ಲಿಗೆ ಹೋಗಿದ್ದೆ. ಸಾಲು ಪಂಜರ, ಪ್ರತಿ ಪ್ರಾಣಿಯ ಒಂದು ಕಣ್ಣಿಗೆ ದೃಷ್ಟಿ ಮಸುಕಾಗಿಸುವ ಹಾಲುಬಣ್ಣದ ಮುಚ್ಚಳ. ಎಲ್ಲವೂ ಸದ್ದಿಲ್ಲದೆ ತೆರೆದ ಕಣ್ಣನ್ನು ನನ್ನತ್ತ ತಿರುಗಿಸಿದವು.

“ನಿಮ್ಮನ್ನ ನೋಡಾಕತ್ತಿಲ್ಲರಿ ಕಾಕಾ. ನಿಮ್ಮ ಹಿಂದ ನಿಂತಾರಲ್ಲ, ಅವರನ್ನ” ಎಂದಳು ಆಕೆ.

ನಾನು ತಿರುಗಿದೆ. ಗೋಡೆಯಿತ್ತು.

“ಯಾರ ಮಾತೂ ನಂಬಂಗಿಲ್ಲ ಅಂತೀರಿ, ಹೊಳ್ಳಿ ನೋಡಿದ್ರಲ್ಲ!” ಎಂದು ನಕ್ಕಳು.

ನನ್ನ ಮೊಮ್ಮಗಳ ಕನ್ನಡಕ ಆರು ತಿಂಗಳಿಗೊಮ್ಮೆ ದಪ್ಪವಾಗುತ್ತಿತ್ತು. ಜಗತ್ ಬಡಾವಣೆಯ ಕಣ್ಣಿನ ವೈದ್ಯರು ಕಾಯಲು ಹೇಳಿದರು. ಶಾಲೆಗಿಂತ ಗ್ರಂಥಾಲಯದಲ್ಲೇ ಹೆಚ್ಚು ಕಲಿತ ನಾನು ಅವರನ್ನು ನಂಬಲಿಲ್ಲ. ಪ್ರಯೋಗಾಲಯದ ಆ ಹನಿಯ ಒಂದು ಸೀಸೆ ತಂದುಕೊಡೆಂದು ಆಕೆಯನ್ನು ಮೂರು ದಿನ ಕಾಡಿದೆ.

“ಸೀಸೆ ಮ್ಯಾಲ ಬರೇ ಬಣ್ಣದ ಚೀಟಿರಿ. ಔಷಧ ಎಷ್ಟು ಗಟ್ಟಿ ಐತಿ, ನನಗೂ ಹೇಳಂಗಿಲ್ಲ.”

ನಾಲ್ಕನೆಯ ದಿನ ತಂದಳು. ನನ್ನ ಕೈಗೆ ಕೊಡಲಿಲ್ಲ. “ಮೊದಲು ನನಗ. ಆಮ್ಯಾಲ ಕೂಸಿಗೆ” ಎಂದು ತಲೆಯೆತ್ತಿ ಎಡಗಣ್ಣಿಗೆ ಹನಿಸಿಕೊಂಡಳು.

ಮರುದಿನ ಆ ಕಣ್ಣಿನ ಪಾಪೆ ಅರಳಿಯೇ ಇತ್ತು, ಹತ್ತಿರದ ಅಕ್ಷರ ಕಾಣಲಿಲ್ಲ, ಬಿಸಿಲು ಚುಚ್ಚುತ್ತಿತ್ತು. ಸೀಸೆಯನ್ನು ತಾನೇ ಮರಳಿಸಿ, ಮೇಲಿನವರಿಗೆ ತಪ್ಪೊಪ್ಪಿಕೊಂಡಳು. ಕೆಲಸ ಹೋಯಿತು. ತವರಾದ ಕಮಲಾಪುರ ಸೇರಿದಳು.

ಮಾರುವುದಕ್ಕೆ ಕದ್ದಳೆಂದು ಓಣಿ ನಂಬಿತು. ಕಣ್ಣಿಗಾದದ್ದು ಮೂಕಪ್ರಾಣಿಗಳ ಶಾಪವೆಂದರು ಕೆಲವರು. ಎರಡೂ ಸುಳ್ಳು. ಬೇಡಿದವನು ನಾನು. ನನ್ನ ಹೆಸರನ್ನು ಆಕೆ ಎಲ್ಲಿಯೂ ಹೇಳಲಿಲ್ಲ.

ಅದೇ ವಾರ ಕಮಲಾಪುರಕ್ಕೆ ಹೋದೆ. ಅಂಗಳದಲ್ಲಿ ನಿಂತಿದ್ದಳು.

“ಕೂಸಿಗೆ ಬ್ಯಾರೆ ಎಲ್ಲಿಂದರ ತಂದು ಹಾಕಿಲ್ಲಲ್ರಿ?”

“ಇಲ್ಲವ್ವ.”

“ಬಚಾವಾತು.” ಬಲಗಣ್ಣು ನನ್ನನ್ನೇ ನೋಡುತ್ತಿತ್ತು. ಅರಳಿದ ಎಡಗಣ್ಣು ನನ್ನ ಹೆಗಲಾಚೆ ಏನನ್ನೋ ನೋಡುತ್ತಿದೆ ಎನ್ನಿಸಿತು. ತಿರುಗಿದೆ. ಬಿಸಿಲೊಂದೇ ಇತ್ತು.

ಪಾಪೆ ಕೆಲ ದಿನಗಳಲ್ಲಿ ಕುಗ್ಗಿತಂತೆ, ನಾನು ಕಂಡಿಲ್ಲ. ಮುಂದಿನ ವರ್ಷ ಜ್ವರದಲ್ಲಿ ತೀರಿಕೊಂಡಳು.

ವೈದ್ಯರು ಹೇಳಿದಂತೆಯೇ ಈಗ ಮೊಮ್ಮಗಳ ಚಿಕಿತ್ಸೆ. ಒಮ್ಮೊಮ್ಮೆ ಅವಳು ಕನ್ನಡಕ ತೆಗೆದಿಟ್ಟು ನನ್ನತ್ತ ಮುಖ ಮಾಡುತ್ತಾಳೆ. ದೃಷ್ಟಿ ನನ್ನ ಹೆಗಲಾಚೆ ನಿಲ್ಲುತ್ತದೆ. ಅಲ್ಲಿ ಯಾರೂ ಇಲ್ಲವೆಂದು ಬಲ್ಲೆ. ಆದರೂ ಪ್ರತಿ ಸಲ ಹೊರಳಿ ನೋಡುತ್ತೇನೆ.